ಗುಳಿಗೆ ಪೆಟ್ಟಿಗೆ ಕನ್ನಡದಲ್ಲಿ ಮಾತಾಡಲಿ

ಮಾನ್ಯ ಸಂಪಾದಕರೇ,

ಬಾಗಲಕೋಟೆಯ ನವನಗರದಲ್ಲಿ ನಮ್ಮವ್ವ ಒಬ್ಬಳೇ ಇರುತ್ತಾಳೆ. ವಯಸ್ಸು 74. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಅಪ್ಪನ ಜೊತೆ ನಿಂತು ಕಟ್ಟಿಸಿದ ಮನೆ, ಬಿಟ್ಟು ಬರಲು ಒಪ್ಪುವುದಿಲ್ಲ. ನಾನು ವಿಜಯಪುರದಲ್ಲಿ ಶಿಕ್ಷಕಿ, ಅಣ್ಣ ಪುಣೆಯಲ್ಲಿ.

ಅವ್ವನಿಗೆ ಶುಗರ್ ಇದೆ, ಸಂಧಿವಾತವೂ ಇದೆ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಗುಳಿಗೆ ವಾರಕ್ಕೆ ಒಂದೇ ದಿನ, ಉಳಿದ ದಿನ ಫೋಲಿಕ್ ಆಸಿಡ್. ಎರಡೂ ಹಳದಿ, ಎರಡೂ ಸಣ್ಣವು. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರು, ಹೆಸರಿದ್ದ ತುಂಡು ಅಲ್ಲೇ ಉಳಿದಿತ್ತು. ಹೋದ ವರ್ಷ ಶ್ರಾವಣದಲ್ಲಿ ಅವ್ವ ಅದಲು ಬದಲು ಮಾಡಿ, ಆರು ದಿನ ವಾರದ ಗುಳಿಗೆಯನ್ನೇ ನುಂಗಿದ್ದಳು. "ಬಾಯಾಗ ಹುಣ್ಣಾಗ್ಯಾವು, ರೊಟ್ಟಿ ತಿನ್ನಾಕ ಆಗವಲ್ದು" ಎಂದು ಫೋನ್ ಮಾಡಿದಾಗ, ಉಷ್ಣ ಆಗಿರಬೇಕು, ಮಜ್ಜಿಗೆ ಕುಡಿ ಎಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಆಸ್ಪತ್ರೆಯಲ್ಲಿ ರಕ್ತ ನೋಡಿದಾಗ, ಆ ಗುಳಿಗೆ ಅತಿಯಾಗಿ ಬಿಳಿ ರಕ್ತಕಣ ತೀರಾ ಇಳಿದಿದ್ದವು. 11 ದಿನ ಅಲ್ಲೇ ಇದ್ದೆವು.

ಆಮೇಲೆ ಅಣ್ಣ ಗುಳಿಗೆ ಕೊಡುವ ಯಂತ್ರ ತರಿಸಿದ. ರೊಟ್ಟಿ ಡಬ್ಬಿಯಂತೆ ದುಂಡಗಿದೆ, ಒಳಗೆ 28 ಖಾನೆ, ಬೀಗ ಇದೆ. ದಿನಕ್ಕೆ ಮೂರು ಹೊತ್ತಿನಂತೆ ಒಂಬತ್ತು ದಿನ ಸಾಲುತ್ತದೆ. ಭಾನುವಾರ ಹೋಗಿ ನಾನೇ ತುಂಬುತ್ತೇನೆ. ಹೊತ್ತಾದಾಗ ಕೂಗುತ್ತದೆ, ಕೆಂಪು ದೀಪ ಮಿನುಗುತ್ತದೆ. ಅಂಗೈ ಮೇಲೆ ಬೋರಲು ಮಾಡಿದರೆ ಆ ಹೊತ್ತಿನ ಗುಳಿಗೆ ಮಾತ್ರ ಬೀಳುತ್ತದೆ. ತೆಗೆದುಕೊಳ್ಳದಿದ್ದರೆ ನನ್ನ ಫೋನಿಗೆ ಸಂದೇಶ ಬರುತ್ತದೆ. ಹತ್ತು ತಿಂಗಳಿಂದ ಒಂದು ಗುಳಿಗೆಯೂ ತಪ್ಪಿಲ್ಲ. ರಾತ್ರಿ ನನಗೆ ನಿದ್ದೆ ಬರುತ್ತಿದೆ.

ಆದರೆ ಅದು ಮಾತಾಡುವುದು ಇಂಗ್ಲಿಷ್ ಮಾತ್ರ. "ಯಾರೋ ಹೆಣ್ಮಗಳು ಏನೋ ಅಂತಾಳ, ನನಗೇನ್ ತಿಳೀತೈತಿ" ಎನ್ನುತ್ತಾಳೆ ಅವ್ವ. "ಅವ್ವಾ, ಗುಳಿಗಿ ತಗೋ" ಎಂದು ಹೇಳಿಸುವುದು ಅಷ್ಟು ಕಷ್ಟವೇ? ಸೋಮವಾರ ಅವ್ವನಿಗೆ ಒಪ್ಪತ್ತು, ಅದೂ ಯಂತ್ರಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಶುಗರ್ ಗುಳಿಗೆ ಬಿತ್ತು, ಖಾಲಿ ಹೊಟ್ಟೆಯಲ್ಲಿ ನುಂಗಿ ಬೆವತು ನಡುಗಿದಳು. ಡಾಕ್ಟರನ್ನು ಕೇಳಿ ಸೋಮವಾರದ ಹೊತ್ತು ಬದಲಿಸಿದೆವು. ಇನ್ಸುಲಿನ್, ಔಷಧದ ನೀರು ಇದರಲ್ಲಿ ಇಡಲಾಗದು. ಗಾಳಿ ತಾಗಿದರೆ ಕೆಡುವ ಗುಳಿಗೆಯನ್ನು ಸ್ಟ್ರಿಪ್‌ನಿಂದ ಬಿಡಿಸಲೂಬಾರದು.

ಎಲ್ಲಕ್ಕಿಂತ ದೊಡ್ಡ ಮಾತು: ತುಂಬುವವರು ತಪ್ಪಿದರೆ ಯಂತ್ರ ಆ ತಪ್ಪನ್ನೇ ಹೊತ್ತಿಗೆ ಸರಿಯಾಗಿ ಕೊಡುತ್ತದೆ. ಅದಕ್ಕೇ ಮೆಡಿಕಲ್ ಶಾಪಿನವರಲ್ಲಿ ಕೈಮುಗಿದು ಕೇಳುತ್ತೇನೆ. ಸ್ಟ್ರಿಪ್ ಕತ್ತರಿಸಿದರೆ ಚೀಟಿ ಅಂಟಿಸಿ ಹೆಸರು, ಅವಧಿ ಮುಗಿಯುವ ದಿನ ಬರೆದುಕೊಡಿ. "ವಾರಕ್ಕೆ ಒಂದೇ ಸಲ" ಎಂದು ಕನ್ನಡದಲ್ಲಿ ದಪ್ಪಗೆ ಬರೆಯಿರಿ.

ಅಣ್ಣ ಯಂತ್ರಕ್ಕೆ ಕೊಟ್ಟಿದ್ದು ಒಂಬತ್ತು ಸಾವಿರ. ಪಕ್ಕದ ಮನೆಯ ಅಜ್ಜಿಗೆ ಬರುವುದು ತಿಂಗಳಿಗೆ 1200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ. ಆಕೆಯ ಗುಳಿಗೆಗಳನ್ನೂ ಭಾನುವಾರ ನಾನೇ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಡುತ್ತೇನೆ. ನಾನು ಹೋಗದ ವಾರ ಆಕೆಗೆ ಯಾರೂ ಇಲ್ಲ. ಬಿಪಿ, ಶುಗರ್ ವಿಚಾರಿಸಲು ಆಶಾ ಕಾರ್ಯಕರ್ತೆಯರು ಮನೆಗೆ ಬರುತ್ತಾರಲ್ವಾ, ಅವರು ಗುಳಿಗೆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡುವಂತೆ ಜಿಲ್ಲಾ ಆರೋಗ್ಯ ಇಲಾಖೆ ಹೇಳಬೇಕು. ಒಬ್ಬರೇ ಇರುವ ಹಿರಿಯರಿಗೆ ಕೊಟ್ಟು ವಾಪಸು ಪಡೆಯಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥ ನಾಲ್ಕೈದು ಯಂತ್ರ ಇಡಬೇಕು.

— ಒಬ್ಬ ಶಿಕ್ಷಕಿ, ವಿಜಯಪುರ