ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಚರ್ಚೆಗೆ ಮುಂಚೆ ಇದನ್ನೊಮ್ಮೆ ಓದಿಕೊಳ್ಳಿ.

ಬಡತನ ಕಡಿಮೆಯಾಗಲು ಸಾಲ ಸಿಕ್ಕರೆ ಸಾಕು ಅಂತ ನಮ್ಮಲ್ಲಿ ಹಲವರು ಹೇಳಿದ್ದೀರಿ. ಸಾಲ ಬೇಕು, ನಿಜ. ಆದರೆ ಒಂಟಿಯಾಗಿ ದುಡಿಯುವವರಿಗೆ ಕಚ್ಚಾ ಮಾಲು ದುಬಾರಿ, ದೊಡ್ಡ ಆರ್ಡರ್ ಸಿಗುವುದೇ ಕಷ್ಟ, ಅಲ್ವಾ?

ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ಈ ಕಷ್ಟ ಕಡಿಮೆಯಾಗಬಹುದು. ಪಾಕಿಸ್ತಾನದ ಸಿಯಾಲ್‌ಕೋಟ್ ಊರನ್ನೇ ನೋಡಿ. ಅಲ್ಲಿ ನೂರಾರು ಸಣ್ಣ ಘಟಕಗಳು ಆಪರೇಷನ್‌ಗೆ ಬೇಕಾದ ಕತ್ತರಿ, ಚಿಮಟಗಳನ್ನು ಮಾಡುತ್ತವೆ. ಒಬ್ಬರು ಉಕ್ಕು ಕಾಯಿಸಿ ಆಕಾರ ಕೊಟ್ಟರೆ, ಇನ್ನೊಬ್ಬರು ಅರದಿಂದ ಉಜ್ಜುತ್ತಾರೆ, ಮತ್ತೊಬ್ಬರು ಪಾಲಿಶ್ ಮಾಡುತ್ತಾರೆ. ಹಾಗಾಗಿ ಕೈಯಲ್ಲಿ ಜಾಸ್ತಿ ದುಡ್ಡಿಲ್ಲದವರೂ ಒಂದೇ ಒಂದು ಕೆಲಸ ಹಿಡಿದು ಶುರು ಮಾಡಬಹುದು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. 1994ರಲ್ಲಿ ಗುಣಮಟ್ಟ ಸರಿಯಿಲ್ಲವೆಂದು ಅಮೆರಿಕ ಈ ಸಾಮಾನುಗಳಿಗೆ ತಡೆ ಹಾಕಿತು. ಆಗ ತಯಾರಕರ ಸಂಘ ಸರ್ಕಾರದ ಜೊತೆ ಸೇರಿ ಗುಣಮಟ್ಟದ ತರಬೇತಿ ಕೊಡಿಸಿತು. ರಫ್ತು ಚೇತರಿಸಿಕೊಂಡಿತು. ಒಬ್ಬೊಬ್ಬರಿಂದ ಇದು ಆಗುತ್ತಿರಲಿಲ್ಲ.

ಆದರೆ ಸುಮ್ನೆ ಒಟ್ಟಿಗಿದ್ದರೆ ಸಾಲದು. ಇದೇ ಊರಿನಲ್ಲಿ ಮಕ್ಕಳು ಫುಟ್‌ಬಾಲ್ ಹೊಲಿಯುತ್ತಿದ್ದರು. ಅದನ್ನು ನಿಲ್ಲಿಸಲು 1997ರಲ್ಲಿ ಒಪ್ಪಂದವೇ ಆಗಬೇಕಾಯಿತು. ಒಂದೇ ಕಸುಬಿನವರ ನಡುವೆ ಪೈಪೋಟಿ ಹೆಚ್ಚಿದಾಗ ಹಲವು ಸಲ ಮೊದಲು ಕಡಿತವಾಗುವುದು ಕೂಲಿಯೇ.

ಹಾಗಾಗಿ ಭಾನುವಾರ ಕೂಲಿಯ ವಿಷಯದಿಂದಲೇ ಶುರು ಮಾಡೋಣ. ನಿಮಗೆ ಗೊತ್ತಿರುವ ಉದಾಹರಣೆಗಳನ್ನು ಶನಿವಾರದೊಳಗೆ ಇಲ್ಲೇ ಹಾಕಿ.