ಔಷಧವನ್ನು ಎರಡು ಹೊತ್ತು ಕೊಡುವ ಮುನ್ನ

ಮಾಳಮಡ್ಡಿ, ಧಾರವಾಡ

ಚಿ. ಸೌ. ಶೈಲಾಗೆ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ಗದಗಿನಿಂದ ನೀನು ಕಳುಹಿಸಿದ ಎರಡೂ ರಕ್ತಪರೀಕ್ಷೆಯ ವರದಿಗಳನ್ನು ನೋಡಿದೆ. ಒಂದು ತಿಂಗಳು ಕಬ್ಬಿಣಾಂಶದ ಸಿರಪ್ ಕುಡಿಸಿದರೂ ಕೂಸಿನ ಹಿಮೊಗ್ಲೋಬಿನ್ 8.9ರಿಂದ 9.2ಕ್ಕೆ ಮಾತ್ರ ಏರಿದೆಯೆಂದು ಬೇಸರಪಟ್ಟು, ಅದೇ ಔಷಧವನ್ನು ಎರಡು ಹೊತ್ತು ಕೊಡಲೇ ಎಂದು ಕೇಳಿದ್ದೀಯ. ಬೇಡ. ಮಕ್ಕಳ ವೈದ್ಯರು ಹೇಳದೆ ಒಂದು ಹನಿಯನ್ನೂ ಹೆಚ್ಚಿಸಬೇಡ. ಕಾರಣವನ್ನು ತುಸು ವಿಸ್ತಾರವಾಗಿಯೇ ಬರೆಯುತ್ತೇನೆ. ಶರೀರಕ್ರಿಯಾಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಚುಟುಕಾಗಿ ಹೇಳುವುದು ಒಗ್ಗುವುದಿಲ್ಲ.

ಹೆಚ್ಚಾದ ಕಬ್ಬಿಣವನ್ನು ಬೇಕೆಂದಾಗ ಹೊರಹಾಕುವ ವ್ಯವಸ್ಥೆ ನಮ್ಮ ದೇಹಕ್ಕಿಲ್ಲವಾದ್ದರಿಂದ, ಒಳಬರುವಲ್ಲಿಯೇ ಅದಕ್ಕೆ ಹಿಡಿತವಿರಬೇಕು. ಆ ಹಿಡಿತ ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್ ಎಂಬ ಹಾರ್ಮೋನಿನದು. 25 ಅಮೈನೋ ಆಮ್ಲಗಳ ಈ ಪುಟ್ಟ ವಸ್ತು ಪತ್ತೆಯಾದದ್ದೇ 2000ದ ಸುಮಾರಿಗೆ. ನಾನು ಓದಿದ ಪುಸ್ತಕಗಳಲ್ಲಿ ಅದರ ಹೆಸರೂ ಇರಲಿಲ್ಲ. ಕರುಳಿನ ಕೋಶದಿಂದ ಕಬ್ಬಿಣವು ರಕ್ತಕ್ಕೆ ದಾಟುವುದು ಫೆರೊಪೋರ್ಟಿನ್ ಎಂಬ ಪ್ರೋಟೀನಿನ ಮೂಲಕ. ಕಾಲುವೆಯ ನೀರು ಹೊಲಕ್ಕಿಳಿಯುವ ತೂಬು ಎಂದುಕೋ. ಹೆಪ್ಸಿಡಿನ್ ಬಂದು ಅಂಟಿಕೊಂಡರೆ ಆ ಪ್ರೋಟೀನು ನಾಶವಾಗುತ್ತದೆ, ಕಬ್ಬಿಣ ಕರುಳಿನ ಕೋಶದಲ್ಲೇ ಉಳಿಯುತ್ತದೆ, ಮತ್ತು ಕೆಲವೇ ದಿನಗಳಲ್ಲಿ ಆ ಕೋಶ ಉದುರಿದಾಗ ಮಲದೊಂದಿಗೆ ಹೊರಟುಹೋಗುತ್ತದೆ.

ಕೊರತೆಯಿರುವ ಮಗುವಿನಲ್ಲಿ ಹೆಪ್ಸಿಡಿನ್ ತಾನಾಗಿಯೇ ಇಳಿಯುತ್ತದೆ. ಪ್ರಾಣವಾಯು ಸಾಲದ್ದನ್ನು ಅರಿತ ಮೂತ್ರಪಿಂಡ, ಕೆಂಪು ರಕ್ತಕಣಗಳ ತಯಾರಿಕೆಯನ್ನು ಹೆಚ್ಚಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರಿಂದ ಚುರುಕಾದ ಮೂಳೆಮಜ್ಜೆಯ ಎಳೆಯ ಕಣಗಳು, 2014ರಲ್ಲಷ್ಟೇ ಗುರುತಿಸಲಾದ ಎರಿತ್ರೊಫೆರೋನ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಹೆಪ್ಸಿಡಿನ್ ತಗ್ಗಿಸುವಂತೆ ಯಕೃತ್ತಿಗೆ ಸೂಚನೆ ಕೊಡುತ್ತವೆ. ಹಾಗಿದ್ದರೆ ನಿನ್ನ ಮಗಳಿಗೆ ಔಷಧ ಏಕೆ ಮೈಗೆ ಹತ್ತಲಿಲ್ಲ? ನೀನು ಕೊನೆಗೆ ಸುಮ್ಮನೆ ಸೇರಿಸಿದ ಸಾಲಿನಲ್ಲಿ ಉತ್ತರವಿದೆಯೆಂದು ನನ್ನ ಅನಿಸಿಕೆ: ನಡುವೆ ಹತ್ತು ದಿನ ಕೆಮ್ಮು, ಜ್ವರ. ಸೋಂಕು ತಗಲಿದಾಗ ರಕ್ಷಣಾ ಕೋಶಗಳು ಬಿಡುವ ಇಂಟರ್‌ಲ್ಯೂಕಿನ್-6 ಹೆಪ್ಸಿಡಿನ್ನನ್ನು ಏರಿಸುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕಲ್ಲ, ಅದನ್ನು ಅವುಗಳಿಗೆ ಸಿಗದಂತೆ ಬಚ್ಚಿಡುವ ಉಪಾಯವಿದು.

ಎರಡನೆಯ ರಕ್ತವನ್ನೂ ಆ ಜ್ವರದಲ್ಲೇ ಕೊಟ್ಟಿದ್ದೀರಿ. ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ ಹೇಳುವ ಫೆರಿಟಿನ್ 26 ಇದೆ, ಸಂಗ್ರಹ ಸರಿಯಾಗಿದೆ ಎಂದು ಲ್ಯಾಬಿನವರು ಹೇಳಿದ್ದನ್ನು ಪೂರ್ತಿ ನಂಬಬೇಡ. ಐದು ವರ್ಷದೊಳಗಿನ ಮಕ್ಕಳಿಗೆ 12 ಎಂಬ ಮಿತಿ ಆರೋಗ್ಯವಂತರಿಗೆ ಮಾತ್ರ. ಸೋಂಕಿನಲ್ಲಿ ಫೆರಿಟಿನ್ ಹುಸಿಯಾಗಿ ಏರುವುದರಿಂದ ಆಗ 30ಕ್ಕಿಂತ ಕಡಿಮೆಯಿದ್ದರೂ ಕೊರತೆಯೆಂದೇ ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ.

ಇನ್ನು ಎರಡು ಹೊತ್ತಿನ ಮಾತು. ಕಬ್ಬಿಣದ ಒಂದು ಡೋಸ್ ಒಳಹೋದರೆ ಅದರಿಂದಲೇ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಹಾಗೆಯೇ ಇರುತ್ತದೆಂದು, ಸಂಜೆಯ ಡೋಸ್ ಅಷ್ಟಾಗಿ ಹೀರಿಕೆಯಾಗುವುದಿಲ್ಲವೆಂದು ಯುವತಿಯರ ಮೇಲಿನ ಅಧ್ಯಯನಗಳು ತೋರಿಸಿವೆ. ಅವರಿಗೆ ದಿನ ಬಿಟ್ಟು ದಿನ ಕೊಡುವ ಕ್ರಮವೂ ಇದೆ. ಅದನ್ನು ನೀನು ನಾಲ್ಕು ವರ್ಷದ ಕೂಸಿಗೆ ಅನ್ವಯಿಸಲು ಹೋಗಬೇಡ. ಮಕ್ಕಳಿಗೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ ಕೊಡುವುದು ರೂಢಿ, ನಿಮ್ಮ ವೈದ್ಯರೂ ಅದನ್ನೇ ಬರೆದಿದ್ದಾರೆ. ಅತಿಯಾದರೆ ಕಬ್ಬಿಣ ವಿಷವೇ ಆಗುತ್ತದೆ; ಸಿಹಿಯೆಂದು ಕೂಸು ತಾನೇ ಕುಡಿದೀತು, ಬಾಟಲಿಯನ್ನು ಕೈಗೆ ಸಿಗದ ಹಾಗೆ ಮೇಲಿಡು.

ಸಿರಪ್ಪನ್ನು ಬೆಳಿಗ್ಗೆ ಹಾಲಿಗಿಂತ ಒಂದು ತಾಸು ಮೊದಲು, ಸಾಧ್ಯವಾದರೆ ಲಿಂಬೆರಸದೊಂದಿಗೆ ಕೊಡು. ಚಹಾ ಕಬ್ಬಿಣದ ಹೀರಿಕೆಗೆ ಅಡ್ಡಿ; ಕೂಸು ಅವ್ವನ ಬಶಿಯ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುವುದನ್ನು ನಿಲ್ಲಿಸಲೇಬೇಕು. ಅವರು ಮುನಿಸಿಕೊಂಡರೆ ನನ್ನ ಹೆಸರು ಹೇಳು. ಹಾಲು ದಿನಕ್ಕೆ ಅರ್ಧ ಲೀಟರ್ ಮೀರದಿರಲಿ.

ಜ್ವರ ಪೂರ್ತಿ ಬಿಟ್ಟ ನಾಲ್ಕು ವಾರಗಳಿಗೆ ರಕ್ತವನ್ನು ಮತ್ತೆ ನೋಡಿಸು. ಹಿಮೊಗ್ಲೋಬಿನ್ ಕನಿಷ್ಠ 1 ಗ್ರಾಂ ಏರದಿದ್ದರೆ ಉರಿಯೂತ ತಿಳಿಸುವ ಸಿಆರ್‌ಪಿ ಪರೀಕ್ಷೆ, ಜಂತುಹುಳು, ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದೋಷಕ್ಕಾಗಿ ಎಚ್‌ಪಿಎಲ್‌ಸಿ ಎಂಬ ಹಿಮೊಗ್ಲೋಬಿನ್ ಪರೀಕ್ಷೆ ಇವುಗಳ ಕುರಿತು ವೈದ್ಯರನ್ನು ಕೇಳು. ಏರಿದರೂ, ಸಂಗ್ರಹ ತುಂಬಲೆಂದು ಅವರು ಮುಂದೆ ಎರಡು-ಮೂರು ತಿಂಗಳು ಔಷಧ ಮುಂದುವರಿಸಲು ಹೇಳುವರು, ನಡುವೆ ಬಿಡಬೇಡ. ವರದಿ ಬಂದೊಡನೆ ನನಗೂ ಕಳುಹಿಸು.

ಇತಿ,
ನಿನ್ನ ದೊಡ್ಡಪ್ಪ