ಆ ಹಡಗಿನಲ್ಲಿ ಮೀನುಗಾರರೂ ಇದ್ದರು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ನಮ್ಮ ನೌಕಾಪಡೆ ಕಡಲ್ಗಳ್ಳರ ಜೊತೆ ನಡೆಸಿದ ಕಾಳಗಗಳ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಖುಷಿಯಿಂದ ಓದಿದೆ. ನಮ್ಮಂಥ ಹಡಗಿನ ಕೆಲಸದವರ ಲೋಕ ಪತ್ರಿಕೆಯಲ್ಲಿ ಕಾಣಿಸುವುದೇ ಅಪರೂಪ. ಆದರೆ ಅದರಲ್ಲಿದ್ದ ಒಂದು ವಾಕ್ಯದ ಹತ್ತಿರ ಬಂದು ನಿಂತುಬಿಟ್ಟೆ. 2008ರ ನವೆಂಬರ್‌ನಲ್ಲಿ ಐಎನ್‌ಎಸ್ ತಬರ್ ಎಂಬ ನಮ್ಮ ಯುದ್ಧನೌಕೆ ಸೊಮಾಲಿಯಾ, ಯೆಮನ್ ನಡುವಿನ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ತಾಯಿ ಹಡಗನ್ನು (ದಾಳಿಯ ಸಣ್ಣ ದೋಣಿಗಳನ್ನು ದೂರದ ಕಡಲಿಗೆ ಒಯ್ಯುವ ದೊಡ್ಡ ಹಡಗು) ಮುಳುಗಿಸಿತು ಎಂದಿತ್ತು. ಅಲ್ಲಿಗೆ ಪೂರ್ಣವಿರಾಮ. ವಾಕ್ಯ ಸುಳ್ಳಲ್ಲ. ಆದರೆ ಅದು ಅರ್ಧ. ಉಳಿದ ಅರ್ಧವನ್ನು ಹೇಳಲು ಈ ಪತ್ರ.

ನಾನು 27 ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ಆಯಿಲರ್ ಆಗಿ ಸೇರಿ ಮೋಟರ್‌ಮ್ಯಾನ್ ಆಗಿ ನಿವೃತ್ತನಾದೆ. ಏಡನ್ ಕೊಲ್ಲಿಯನ್ನು ಎಷ್ಟು ಸಲ ದಾಟಿದೆನೋ ಲೆಕ್ಕವಿಲ್ಲ. 2008ರಲ್ಲಿ ಈ ಸುದ್ದಿ ಬಂದಾಗ ರಜೆಯಲ್ಲಿ ಮನೆಯಲ್ಲಿದ್ದೆ. ಆ ದಿನಗಳಲ್ಲಿ ಸೊಮಾಲಿಯಾ ಎಂಬ ಹೆಸರು ಕೇಳಿದರೆ ಸಾಕು, ನಮ್ಮಂಥವರ ಮನೆಗಳಲ್ಲಿ ಮಾತು ನಿಂತುಹೋಗುತ್ತಿತ್ತು. ಸ್ಟೋಲ್ಟ್ ವೇಲರ್ ಎಂಬ ಟ್ಯಾಂಕರ್ ಸೆಪ್ಟೆಂಬರ್ 15ರಂದು ಅಪಹರಣವಾಗಿತ್ತು. ಅದರಲ್ಲಿದ್ದ 18 ಭಾರತೀಯರು ಎರಡು ತಿಂಗಳು ಸೆರೆಯಲ್ಲಿದ್ದರು. ನವೆಂಬರ್ 16ರಂದು ಅವರ ಬಿಡುಗಡೆಯಾಯಿತು. ಅದಾದ ಎರಡೇ ದಿನಕ್ಕೆ, ನವೆಂಬರ್ 18ರ ಸಂಜೆ, ತಬರ್ ಕಾಳಗ. ಟೀವಿಯಲ್ಲಿ ಕತ್ತಲ ಕಡಲಿನ ನಡುವೆ ಹಡಗೊಂದು ಧಗಧಗ ಉರಿಯುವ ಚಿತ್ರ ತೋರಿಸಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ‘ತಕ್ಕ ಶಾಸ್ತಿ ಆಯ್ತು ನೋಡು’ ಅಂತ ಮನೆಯಾಕೆಗೆ ಹೇಳಿದೆ.

ಮರುವಾರ ಉಳಿದ ಅರ್ಧ ಹೊರಬಂತು. ಆ ಉರಿದ ಹಡಗು ಕಡಲ್ಗಳ್ಳರದ್ದಲ್ಲ. ಅದು ಏಕವತ್ ನಾವಾ 5 ಎಂಬ ಥಾಯ್ಲೆಂಡಿನ ಮೀನುಗಾರಿಕೆ ಹಡಗು. ಒಮಾನಿನಿಂದ ಯೆಮನ್ ಕಡೆ ಮೀನುಗಾರಿಕೆ ಸಾಮಾನು ಹೊತ್ತು ಹೊರಟಿತ್ತು. ಕಡಲ್ಗಳ್ಳರು ಅದನ್ನು ಹಿಡಿದಿದ್ದರು. ಗುಂಡಿನ ಕಾಳಗ ನಡೆದಾಗ ಕೆಲಸದವರು ಅದರಲ್ಲೇ ಇದ್ದರು, ಕೈಕಾಲು ಕಟ್ಟಿಸಿಕೊಂಡು. ಒಬ್ಬನ ಸಾವು ಖಚಿತವಾಯಿತು. 14 ಮಂದಿ ನಾಪತ್ತೆಯಾದರು. ಕಾಂಬೋಡಿಯಾದ ಒಬ್ಬ ಮಾತ್ರ ಆರು ದಿನ ಕಡಲಿನಲ್ಲಿ ತೇಲಿ ಬದುಕಿದ.

ಆರು ದಿನ ಅಂದರೆ ಏನು ಅಂತ ದಡದಲ್ಲಿರುವವರಿಗೆ ಹೇಳಿ ತಿಳಿಸುವುದು ಕಷ್ಟ. ನಮಗೆ ತರಬೇತಿಯಲ್ಲಿ ಲೈಫ್ ಜಾಕೆಟ್ ತೊಡಿಸಿ ಈಜುಕೊಳಕ್ಕೆ ಇಳಿಸುತ್ತಿದ್ದರು. ಒಂದು ಗಂಟೆಗೇ ಬೆರಳ ತುದಿ ಮುದುಡಿ ಬೆಳ್ಳಗಾಗುತ್ತಿತ್ತು. ಜಾಕೆಟ್ಟಿನ ಪಟ್ಟಿ ಕುತ್ತಿಗೆಯನ್ನು ಉಜ್ಜಿ ಉಜ್ಜಿ ಉರಿ ಎಬ್ಬಿಸುತ್ತಿತ್ತು. ಅದು ಸಿಹಿನೀರು, ಪಕ್ಕದಲ್ಲಿ ಗುರುಗಳು ನಿಂತಿರುತ್ತಿದ್ದರು. ಈ ಮನುಷ್ಯನಿಗೆ ಸುತ್ತಲೂ ಉಪ್ಪುನೀರು, ಮೇಲೆ ಬಿಸಿಲು.

ಈ ಸುದ್ದಿ ಹೆಚ್ಚು ದಿನ ನಿಲ್ಲಲಿಲ್ಲ. ಅದೇ ವಾರ, ನವೆಂಬರ್ 26ರಂದು, ಮುಂಬೈ ಮೇಲೆ ದಾಳಿ ಆಯಿತು. ಆ ದಾಳಿಕೋರರು ಬಂದದ್ದೂ ಕುಬೇರ್ ಎಂಬ ಮೀನುಗಾರಿಕೆ ದೋಣಿಯನ್ನು ಕಸಿದುಕೊಂಡು, ಅದರಲ್ಲಿದ್ದ ಬಡಪಾಯಿ ಮೀನುಗಾರರನ್ನು ಕೊಂದು. ಇಡೀ ದೇಶದ ಕಣ್ಣು ಮುಂಬೈ ಕಡೆ ತಿರುಗಿತು, ತಿರುಗಲೇಬೇಕಿತ್ತು. ಥಾಯ್ ಮೀನುಗಾರರ ಕತೆ ಒಳಪುಟದಲ್ಲೇ ಮುಳುಗಿಹೋಯಿತು. ನಮ್ಮ ನೆನಪಿನಲ್ಲಿ ಮೊದಲ ದಿನದ ಚಪ್ಪಾಳೆ ಮಾತ್ರ ಉಳಿಯಿತು. ನಿಮ್ಮ ಲೇಖನದಲ್ಲಿ ಬಂದಿರುವುದೂ ಅದೇ.

ತಬರ್‌ನಲ್ಲಿದ್ದವರನ್ನು ದೂರಲು ನಾನು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅದಕ್ಕೂ ಒಂದು ವಾರದ ಹಿಂದೆ, ನವೆಂಬರ್ 11ರಂದು, ಇದೇ ತಬರ್ ಜಗ್ ಅರ್ಣವ್ ಎಂಬ ನಮ್ಮ ಹಡಗನ್ನೂ ಒಂದು ಸೌದಿ ಹಡಗನ್ನೂ ಕಡಲ್ಗಳ್ಳರ ಕೈಯಿಂದ ಉಳಿಸಿತ್ತು. 18ರಂದು ಅವರು ಕಂಡದ್ದು ಇಷ್ಟು: ಪರಿಶೀಲನೆಗೆ ನಿಲ್ಲಿಸಿ ಎಂದರೆ ನಿಲ್ಲಿಸದ ಹಡಗು, ಡೆಕ್ ಮೇಲೆ ಬಂದೂಕು, ರಾಕೆಟ್ ಲಾಂಚರ್ ಹಿಡಿದು ಓಡಾಡುವ ಜನ, ಹತ್ತಿರ ಬಂದರೆ ಸಿಡಿಸುತ್ತೇವೆ ಎಂಬ ಬೆದರಿಕೆ. ಆ ಕಡೆಯಿಂದ ಗುಂಡು ಬಂತು, ಆತ್ಮರಕ್ಷಣೆಗೆ ನಾವೂ ಹಾರಿಸಿದೆವು ಎಂದು ನೌಕಾಪಡೆ ಹೇಳಿತು. ಆ ಹಡಗಿನಲ್ಲಿದ್ದ ಮದ್ದುಗುಂಡು ಸಿಡಿದು ಬೆಂಕಿ ಹತ್ತಿಕೊಂಡಿತು. ಕತ್ತಲಾಗುತ್ತಿತ್ತು. ಒಳಗೆ ಕಟ್ಟಿಹಾಕಿದವರು ಕೂಗಿದರೂ ಯುದ್ಧನೌಕೆಯ ತನಕ ಕೇಳಿಸುವ ಹಾಗಿರಲಿಲ್ಲ.

ದೂರದಿಂದ ನೋಡಿ ಯಾರು ಕಳ್ಳ, ಯಾರು ಮೀನುಗಾರ ಎಂದು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. 2011ರ ಶುರುವಿನಲ್ಲಿ ನಾವು ಒಂದು ತುಂಬಿದ ಬಲ್ಕ್ ಕ್ಯಾರಿಯರ್‌ನಲ್ಲಿ ಆ ದಾರಿಯಲ್ಲಿದ್ದೆವು. ಸರಕಿನ ಭಾರಕ್ಕೆ ಹಡಗು ತಗ್ಗಿ, ನೀರಿನಿಂದ ಡೆಕ್ಕಿಗೆ ಏಣಿ ಹಾಕಿ ಹತ್ತಿಬಿಡಬಹುದಾದಷ್ಟೇ ಎತ್ತರ. ಕಟಕಟೆಯ ಉದ್ದಕ್ಕೂ ಬ್ಲೇಡಿನ ಮುಳ್ಳುತಂತಿ ಸುತ್ತಿದ್ದೆವು. ಎಂಜಿನ್ ಕೆಲಸಕ್ಕೆ ತೊಡುವ ಹಳೇ ಬಾಯ್ಲರ್ ಸೂಟಿಗೆ ಚಿಂದಿ ತುಂಬಿ ಬೆದರುಬೊಂಬೆ ಮಾಡಿ ನಿಲ್ಲಿಸಿದ್ದೆವು, ದೂರದಿಂದ ಕಾವಲಿಗೆ ಜನ ಜಾಸ್ತಿ ಇದ್ದ ಹಾಗೆ ಕಾಣಲಿ ಎಂದು. ಒಂದು ಬೆಳಿಗ್ಗೆ ಎರಡು ಸಣ್ಣ ದೋಣಿ ಬಲಗಡೆಯಿಂದ ನೇರ ನಮ್ಮ ಕಡೆಗೇ ನುಗ್ಗಿ ಬಂದವು. ಅಲಾರಂ ಹೊಡೆಯಿತು. ನನಗೆ ಹಿಂಭಾಗದಲ್ಲಿ ಫೈರ್ ಹೋಸ್ ಹಿಡಿಯುವ ಕೆಲಸ. ಕೈ ನಡುಗುತ್ತಿತ್ತು. ಮುಂದಿನ ದೋಣಿಯಲ್ಲಿದ್ದವನು ಎದ್ದು ನಿಂತು ಏನನ್ನೋ ಎತ್ತಿದ. ಉದ್ದಕ್ಕೆ, ಕಪ್ಪಗೆ ಇತ್ತು. ರಾಕೆಟ್ ಅಂತಲೇ ನಾನು ಅಂದುಕೊಂಡು ತಲೆ ತಗ್ಗಿಸಿದೆ. ಮತ್ತೆ ನೋಡಿದಾಗ ಬಿಸಿಲಿಗೆ ಅದರ ಹೊಟ್ಟೆ ಬೆಳ್ಳಗೆ ಹೊಳೆಯಿತು. ಅದು ಮೀನು! ಕಿವಿರಿಗೆ ಬೆರಳು ಸಿಕ್ಕಿಸಿ ಎತ್ತಿ ಎತ್ತಿ ತೋರಿಸುತ್ತಿದ್ದ. ಇನ್ನೊಂದು ಕೈಯಲ್ಲಿ ಆ ಕಡೆ ಹೋಗಿ, ಆ ಕಡೆ ಹೋಗಿ ಎಂಬ ಸನ್ನೆ. ನಮ್ಮ ದಾರಿಗೆ ಅಡ್ಡಲಾಗಿ ಅವರ ಬಲೆ ಇತ್ತು.

ನನ್ನ ಕೈಯಲ್ಲಿ ಇದ್ದದ್ದು ನೀರಿನ ಹೋಸ್. ಬಂದೂಕು ಇದ್ದಿದ್ದರೆ? ಈಗಲೂ ಒಮ್ಮೊಮ್ಮೆ ರಾತ್ರಿ ಅದೇ ಯೋಚನೆ ಬರುತ್ತದೆ.

ಮರುವರ್ಷ ನಮ್ಮ ದಡದ ಪಕ್ಕದಲ್ಲೇ ಅದು ನಡೆಯಿತು. 2012ರ ಫೆಬ್ರುವರಿ 15ರಂದು ಕೇರಳದ ಬಳಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಟ್ಯಾಂಕರ್ ಮೇಲಿದ್ದ ಸೈನಿಕರು ಸೇಂಟ್ ಆಂಟನಿ ದೋಣಿಯ ಕಡೆ ಗುಂಡು ಹಾರಿಸಿದರು. ಕಡಲ್ಗಳ್ಳರು ಅಂದುಕೊಂಡೆವು ಎಂದರು. ಸತ್ತವರು ನಮ್ಮ ಇಬ್ಬರು ಮೀನುಗಾರರು. ಆಗ ನಮಗೆಲ್ಲ ಎಷ್ಟು ಸಿಟ್ಟು ಬಂದಿತ್ತು, ನೆನಪಿದೆಯಲ್ವಾ? ವರ್ಷಗಟ್ಟಲೆ ಕೇಸು ನಡೆಯಿತು. 2021ರಲ್ಲಿ 10 ಕೋಟಿ ರೂಪಾಯಿ ಪರಿಹಾರ ಕೊಡಿಸಿ ಸುಪ್ರೀಂ ಕೋರ್ಟ್ ಅದನ್ನು ಮುಗಿಸಿತು. ನಮ್ಮವರು ಸತ್ತಾಗ ನಾವು ಕೇಳಿದ ಪ್ರಶ್ನೆಗಳನ್ನು ಥಾಯ್ ಮೀನುಗಾರರ ಮನೆಯವರೂ ಕೇಳಿರುತ್ತಾರೆ.

ಸರಕು ಹಡಗಿನಲ್ಲಿ ನಮಗೆ ಕೊನೆಯದಾಗಿ ಒಂದು ಆಸರೆ ಇರುತ್ತಿತ್ತು. ಸಿಟಾಡೆಲ್ ಅನ್ನುತ್ತೇವೆ. ನಮ್ಮ ಹಡಗಿನಲ್ಲಿ ಅದು ಸ್ಟಿಯರಿಂಗ್ ಗೇರ್ ರೂಮ್, ಅಂದರೆ ಚುಕ್ಕಾಣಿ ತಿರುಗಿಸುವ ಯಂತ್ರದ ಕೋಣೆ. ದಪ್ಪ ಉಕ್ಕಿನ ಬಾಗಿಲು, ಒಳಗೆ ನೀರಿನ ಕ್ಯಾನು, ಬಿಸ್ಕತ್ತು, ಬಕೆಟ್, ಮಾತಾಡಲು ಒಂದು ಫೋನು. ಕಳ್ಳರು ಹತ್ತಿದರೆ ಎಂಜಿನ್ ಆರಿಸಿ ಎಲ್ಲರೂ ಒಳಗೆ ಸೇರಿ ಚಿಲಕ ಹಾಕಬೇಕು. ಡ್ರಿಲ್ ಮಾಡುವಾಗ ಚೀಫ್ ಆಫೀಸರ್ ತಲೆ ಎಣಿಸುತ್ತಿದ್ದರು, ಎರಡೆರಡು ಸಲ. ಒಬ್ಬನೇ ಒಬ್ಬ ಹೊರಗುಳಿದರೂ ಯುದ್ಧನೌಕೆಯವರು ನುಗ್ಗುವ ಧೈರ್ಯ ಮಾಡಲಾರರು ಎಂದು ಹೇಳಿಕೊಟ್ಟಿದ್ದರು. 2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿನ 21 ಮಂದಿ ಬದುಕಿದ್ದು ಹೀಗೆಯೇ, ಅವರಲ್ಲಿ 15 ಮಂದಿ ನಮ್ಮವರು. ಐಎನ್‌ಎಸ್ ಚೆನ್ನೈನಿಂದ ಹೋದ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಹಡಗು ಹತ್ತಿದಾಗ ಕಳ್ಳರು ಜಾಗ ಖಾಲಿ ಮಾಡಿದ್ದರು. ಮೀನುಗಾರಿಕೆ ಹಡಗಿನಲ್ಲಿ ಅಂಥ ರೂಮು ಎಲ್ಲಿಂದ ಬರಬೇಕು? ಡೆಕ್ಕಿನ ಕೆಳಗೆ ಮಂಜುಗಡ್ಡೆ, ಮೀನು, ಬಲೆ. ಕಳ್ಳರಿಗೆ ತಾಯಿ ಹಡಗು ಬೇಕಾದಾಗ ಸುಲಭವಾಗಿ ಸಿಗುವುದೂ ಇಂಥವೇ. 2011ರ ಜನವರಿ 28ರಂದು ಲಕ್ಷದ್ವೀಪದ ಕಡೆ ನಮ್ಮವರು ಪ್ರಾಂತಲಾಯ್ 14 ಎಂಬ ಹಡಗನ್ನು ಅಡ್ಡಗಟ್ಟಿದಾಗ 15 ಕಳ್ಳರು ಸಿಕ್ಕರು. ಜೊತೆಗೆ 20 ಮೀನುಗಾರರೂ ಜೀವಂತ ಸಿಕ್ಕರು. ಅವರು ಹಿಂದಿನ ಏಪ್ರಿಲ್‌ನಿಂದ ಸೆರೆಯಲ್ಲಿದ್ದವರು.

ಇನ್ನು 2024ರ ಮಾರ್ಚ್‌ನ ರುಯೆನ್ ಎಂಬ ಸರಕು ಹಡಗಿನ ಕಾರ್ಯಾಚರಣೆ. ನಿಮ್ಮ ಲೇಖನದಲ್ಲಿ ಇದಕ್ಕೆ ಎರಡೇ ಸಾಲು. ನನ್ನ ಮಟ್ಟಿಗೆ ಅರ್ಧ ಪುಟವೂ ಇದಕ್ಕೇ ಸಲ್ಲಬೇಕಿತ್ತು. ಆ ಹಡಗನ್ನು 2023ರ ಡಿಸೆಂಬರ್ 14ರಂದು ಅಪಹರಿಸಿದ್ದರು. ಮೂರು ತಿಂಗಳ ನಂತರ ಅದನ್ನೇ ತಾಯಿ ಹಡಗು ಮಾಡಿಕೊಂಡು ಬೇಟೆಗೆ ಹೊರಟಿದ್ದರು. ಐಎನ್‌ಎಸ್ ಕೋಲ್ಕತ್ತಾ ಅಡ್ಡ ಹೋಯಿತು. ಕಳ್ಳರು ಡ್ರೋನ್ ಹೊಡೆದುರುಳಿಸಿದರು, ಯುದ್ಧನೌಕೆಯ ಮೇಲೂ ಗುಂಡು ಹಾರಿಸಿದರು. ಅಂದರೆ ತಬರ್‌ಗೆ ಬಂದ ಸಂದರ್ಭವೇ. ಆದರೆ ಈ ಸಲ ಒಳಗೆ 17 ಜನ ಇದ್ದಾರೆ ಎಂದು ನಮ್ಮವರಿಗೆ ಗೊತ್ತಿತ್ತು. ಅದಕ್ಕೇ ಸ್ಟಿಯರಿಂಗ್ ಮತ್ತು ದಾರಿ ತೋರಿಸುವ ಸಾಧನಗಳಿಗೆ ಮಾತ್ರ ಗುರಿಯಿಟ್ಟು ಹೊಡೆದರು. ಹಡಗು ನಿಂತಿತು. ಆಮೇಲೆ ಕಾದರು. ನಮ್ಮ ದಡದಿಂದ ಸುಮಾರು 2,600 ಕಿಲೋಮೀಟರ್ ದೂರಕ್ಕೆ ಸಿ-17 ವಿಮಾನ ಹಾರಿ ಹೋಗಿ ಕಮಾಂಡೊಗಳನ್ನೂ ಅವರ ದೋಣಿಗಳನ್ನೂ ಕಡಲಿಗೆ ಇಳಿಸಿತು. ಒಟ್ಟು 40 ಗಂಟೆ. 35 ಕಳ್ಳರೂ ಶರಣಾದರು. ಬಲ್ಗೇರಿಯಾದ ಏಳು, ಮ್ಯಾನ್ಮಾರ್‌ನ ಒಂಬತ್ತು, ಅಂಗೋಲಾದ ಒಬ್ಬ, ಹದಿನೇಳೂ ಜನ ಗಾಯವಿಲ್ಲದೆ ಹೊರಬಂದರು. ಈ ಸಲ ಎದ್ದು ನಿಂತು ಚಪ್ಪಾಳೆ ಹೊಡೆದಾಗ ನನ್ನ ಕಣ್ಣು ತುಂಬಿತ್ತು.

ಕಾಳಗ ಮುಗಿದ ಮೇಲೂ ಸೆರೆಯಲ್ಲೇ ಉಳಿದವರ ಕತೆ ಇನ್ನೊಂದಿದೆ. 2011ರಲ್ಲಿ ನಮ್ಮ ನೌಕಾಪಡೆ ಸುಮಾರು 120 ಕಳ್ಳರನ್ನು ಹಿಡಿದು ಮುಂಬೈಗೆ ತಂದಿತು. ಅದರ ಸೇಡು ತೀರಿದ್ದು ಆಸ್ಫಾಲ್ಟ್ ವೆಂಚರ್ ಹಡಗಿನವರ ಮೇಲೆ. ಏಪ್ರಿಲ್‌ನಲ್ಲಿ ಹಣ ಪಡೆದು ಹಡಗು ಬಿಟ್ಟ ಕಳ್ಳರು, ‘ಮುಂಬೈಯಲ್ಲಿರುವ ನಮ್ಮವರನ್ನು ಬಿಟ್ಟರೆ ಇವರನ್ನು ಬಿಡುತ್ತೇವೆ’ ಎಂದು ಏಳು ಭಾರತೀಯರನ್ನು ದಡಕ್ಕೆ ಎಳೆದುಕೊಂಡು ಹೋದರು. ಅವರು ಬಿಡುಗಡೆಯಾದದ್ದು 2014ರ ಅಕ್ಟೋಬರ್ ಕೊನೆಗೆ. ಹಡಗು ಅಪಹರಣವಾದ 2010ರ ಸೆಪ್ಟೆಂಬರ್ ಕೊನೆಯಿಂದ ಲೆಕ್ಕ ಹಾಕಿದರೆ ನಾಲ್ಕು ವರ್ಷದ ಮೇಲೆ ಒಂದು ತಿಂಗಳು. ಕಳ್ಳರನ್ನು ಹಿಡಿಯಬಾರದಿತ್ತು ಎಂದು ನಾನು ಹೇಳುವುದಿಲ್ಲ, ಹಿಡಿಯಲೇಬೇಕು. ಆದರೆ ಹಿಡಿದ ಸುದ್ದಿ ಮೊದಲ ಪುಟದಲ್ಲಿ ಓದಿದ ನಮ್ಮಲ್ಲಿ ಎಷ್ಟು ಜನಕ್ಕೆ ಆ ಏಳು ಜನರ ವಿಷಯ ಗೊತ್ತು?

ನನ್ನ ಕೋರಿಕೆ ದೊಡ್ಡದಲ್ಲ. ಇಂಥ ಸುದ್ದಿ ಬರೆಯುವಾಗ ಎಷ್ಟು ಕಳ್ಳರು ಸಿಕ್ಕರು ಎನ್ನುವುದಕ್ಕೆ ಮೊದಲು, ಹಡಗಿನಲ್ಲಿ ಕೆಲಸಕ್ಕಿದ್ದವರು ಯಾರು, ಎಷ್ಟು ಜನ, ಅವರು ಏನಾದರು ಎಂದು ಬರೆಯಿರಿ. ಗೊತ್ತಾಗದಿದ್ದರೆ ಇನ್ನೂ ಗೊತ್ತಾಗಿಲ್ಲ ಎಂದೇ ಹಾಕಿ. ಓದುವವರು ಕಾಯುತ್ತಾರೆ. ಮತ್ತೆ, ಮುಂದಿನ ಭಾನುವಾರ ಜಾಗ ಇದ್ದರೆ ತಬರ್ ಕುರಿತ ಆ ವಾಕ್ಯದ ಜೊತೆ ಈ ಮೂರು ವಾಕ್ಯ ಸೇರಿಸಿ: ಮುಳುಗಿದ್ದು ಥಾಯ್ಲೆಂಡಿನ ಮೀನುಗಾರಿಕೆ ಹಡಗು ಏಕವತ್ ನಾವಾ 5. ಕಡಲ್ಗಳ್ಳರು ಕಟ್ಟಿಹಾಕಿದ್ದ ಮೀನುಗಾರರು ಅದರಲ್ಲೇ ಇದ್ದರು. ಬದುಕಿದವನು ಒಬ್ಬ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಮೋಟರ್‌ಮ್ಯಾನ್